ಅದ್ಭುತ ಎಂದರೆ ಯಾವುದು? ಪದೇ ಪದೇ ಕೇಳುವ ಪ್ರಶ್ನೆಗಳು

ಕಾವ್ಯ, ಯಕ್ಷಗಾನ, ಶಿಲ್ಪಗಳ ವಿಚಾರ ಬಂದಾಗಲೆಲ್ಲ ಮಾತು ಹೇಗೋ ತಿರುಗಿ ಅದ್ಭುತದ ಬಳಿಗೆ ಬರುತ್ತದೆ. ಮಾತುಕತೆಯ ಕೊನೆಗೆ ಎದ್ದು ಬಂದು ಕೇಳಿದವರು, ಪತ್ರ ಬರೆದು ಕೇಳಿದವರು, ಒಪ್ಪದೆ ವಾದಿಸಿದವರು ಎತ್ತಿದ ಪ್ರಶ್ನೆಗಳನ್ನು ಆದಷ್ಟು ಅವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ಉತ್ತರಗಳು ಬಿಡಿಬಿಡಿಯಾಗಿದ್ದರೂ ಅವುಗಳ ಹಿಂದೆ ಒಂದು ನಂಬಿಕೆಯಿದೆ: ಅದ್ಭುತವು ಲೌಕಿಕದ ಎದುರಾಳಿಯಲ್ಲ, ಲೌಕಿಕದ ಅಳತೆಯನ್ನು ಚೆನ್ನಾಗಿ ಬಲ್ಲ ಕಣ್ಣಿಗೇ ಆ ಅಳತೆ ಮೀರಿದ್ದು ಕಾಣುತ್ತದೆ.

## ಮೊದಲ ಪ್ರಶ್ನೆಗಳು

ಅದ್ಭುತ, ಆಶ್ಚರ್ಯ, ಬೆರಗು, ಪವಾಡ ಇವೆಲ್ಲ ಒಂದೇ ಅಲ್ಲವೇ?

ದಿನಬಳಕೆಯಲ್ಲಿ ಒಂದರ ಜಾಗದಲ್ಲಿ ಇನ್ನೊಂದು ನಿಲ್ಲುತ್ತದೆ, ನಿಜ. ಆದರೂ ಪ್ರತಿಯೊಂದಕ್ಕೂ ತನ್ನದೇ ಆದ ತೂಕವಿದೆ. ಆಶ್ಚರ್ಯ, ಅದರ ತದ್ಭವವಾದ ಅಚ್ಚರಿ, ಎಣಿಕೆ ತಪ್ಪಿದಾಗ ಹುಟ್ಟುವಂಥದು. ಎಷ್ಟೋ ವರ್ಷ ಕಾಣದಿದ್ದ ಗೆಳೆಯ ಸಂತೆಯಲ್ಲಿ ಎದುರಾದರೆ ಅದು ಆಶ್ಚರ್ಯ. ಬೆರಗು ಅಚ್ಚಗನ್ನಡದ ಮಾತು. ಬೆರಗಾದವನಿಗೆ ಒಂದು ಕ್ಷಣ ಬಾಯಿ ಕಟ್ಟುತ್ತದೆ, ಕೈಯಲ್ಲಿದ್ದ ಕೆಲಸ ನಿಲ್ಲುತ್ತದೆ. ವಿಸ್ಮಯದ ಬೇರಿನಲ್ಲಿ ‘ಸ್ಮಿ’ ಎಂಬ ಧಾತುವಿದೆ. ಸ್ಮಿತ, ಎಂದರೆ ಮುಗುಳುನಗೆ, ಹುಟ್ಟಿದ್ದೂ ಅಲ್ಲಿಂದಲೇ. ಪವಾಡ ಶ್ರದ್ಧೆಗೆ ಸೇರಿದ್ದು. ಪ್ರಕೃತಿಯ ನಿಯಮವನ್ನೇ ಒಬ್ಬ ಮಹಾತ್ಮ ಮೀರಿದನೆಂದು ನಂಬಿದವರಿಗೆ ಅದು ಪವಾಡ, ನಂಬದವರಿಗೆ ಬರಿಯ ಕಥೆ.

ಅದ್ಭುತ ಎಂಬ ಪದಕ್ಕೆ, ವೇದದ ಪದಗಳನ್ನು ಬಿಡಿಸಿ ಹೇಳುವ ಯಾಸ್ಕನ ನಿರುಕ್ತ ‘ಅಭೂತಮಿವ’ ಎಂಬ ವಿವರಣೆ ಕೊಡುತ್ತದೆ: ಹಿಂದೆಂದೂ ಆಗದೆ ಇದ್ದಂತೆ ತೋರುವುದು. ಇಲ್ಲಿ ‘ಇವ’, ಎಂದರೆ ‘ಅಂತೆ’, ಎಂಬ ಪುಟ್ಟ ಮಾತನ್ನು ಬಿಟ್ಟು ಓದಬಾರದು. ಸೂರ್ಯೋದಯ ನಿನ್ನೆಯೂ ಆಗಿದೆ, ಮೊನ್ನೆಯೂ ಆಗಿದೆ. ಆದರೂ ಅದು ಇದೇ ಮೊದಲು ಆದಂತೆ ಕಂಡರೆ ಅದ್ಭುತ.

ಈಗ ದೋಸೆಯೂ ಅದ್ಭುತ, ಭಾಷಣವೂ ಅದ್ಭುತ. ಹೀಗೆ ಎಲ್ಲದಕ್ಕೂ ಬಳಸುವುದು ತಪ್ಪಾ?

ತಪ್ಪೆಂದು ಹೇಳಲು ನನಗೆ ಮನಸ್ಸಿಲ್ಲ. ಒಳ್ಳೆಯ ದೋಸೆ ತಿಂದು ಹಿಗ್ಗಿದವರ ಮಾತನ್ನು ತಿದ್ದುವುದು ಸಣ್ಣತನ. ನಷ್ಟವಾಗುವುದು ಬೇರೆ ಕಡೆ. ಎಲ್ಲದಕ್ಕೂ ಒಂದೇ ಮಾತು ಬಳಸತೊಡಗಿದರೆ ಆ ದೋಸೆಯಲ್ಲಿ ಮೆಚ್ಚಿದ್ದು ಯಾವುದು, ಅಂಚಿನ ಗರಿಯೋ, ಹಿಟ್ಟು ಹದವಾಗಿ ಹುಳಿ ಬಂದದ್ದೋ, ಬೆಣ್ಣೆಯ ಪರಿಮಳವೋ ಎಂದು ಹೇಳುವ ಅಭ್ಯಾಸ ತಪ್ಪಿಹೋಗುತ್ತದೆ. ಮೆಚ್ಚಿದ್ದನ್ನು ಬಿಡಿಸಿ ಹೇಳಬಲ್ಲವರು ‘ಅದ್ಭುತ’ ಎಂದಾಗ ಆ ಮಾತಿಗೆ ಬೆಲೆ ತಾನಾಗಿಯೇ ಬರುತ್ತದೆ.

ಅದ್ಭುತ ರಸ ಅಂದರೇನು? ಶಾಸ್ತ್ರ ಗೊತ್ತಿಲ್ಲದವರಿಗೂ ತಿಳಿಯುವ ಹಾಗೆ ಹೇಳಿ.

ಕಲೆಯನ್ನು ಸವಿಯುವಾಗ ಮನಸ್ಸಿಗಾಗುವ ಅನುಭವವೇ ರಸ. ಭರತನ ನಾಟ್ಯಶಾಸ್ತ್ರ ಹೇಳುವ 8 ರಸಗಳಲ್ಲಿ ಅದ್ಭುತ ಒಂದು. ಶಾಂತವನ್ನು 9ನೆಯದಾಗಿ ಎಣಿಸುವ ಪರಂಪರೆ ಆಮೇಲೆ ಗಟ್ಟಿಯಾಯಿತು. ಅದ್ಭುತದ ಸ್ಥಾಯಿಭಾವ, ಎಂದರೆ ರಸವಾಗಿ ಅರಳುವ ಮೂಲ ಭಾವ, ವಿಸ್ಮಯ; ಬಣ್ಣ ಹಳದಿ, ಅಧಿದೇವತೆ ಬ್ರಹ್ಮ. ಸೃಷ್ಟಿಕರ್ತನನ್ನೇ ಈ ರಸಕ್ಕೆ ದೇವತೆಯಾಗಿ ಇಟ್ಟದ್ದು ನನಗೆ ಬಹಳ ಸರಿಯಾಗಿ ಕಾಣುತ್ತದೆ. ದಿವ್ಯರನ್ನು ಕಾಣುವುದು, ಉಪವನಕ್ಕೋ ದೇವಾಲಯಕ್ಕೋ ಹೋಗುವುದು, ಮಾಯೆ, ಇಂದ್ರಜಾಲ ಇವೆಲ್ಲ ಈ ರಸಕ್ಕೆ ಕಾರಣಗಳೆಂದು ಭರತ ಹೇಳುತ್ತಾನೆ. ಅವುಗಳ ನಡುವೆಯೇ ‘ಬಯಸಿದ್ದು ಕೈಗೂಡುವುದು’ ಎಂಬ ಕಾರಣವನ್ನೂ ಸೇರಿಸಿದ್ದಾನೆ. ಮಕ್ಕಳಿಲ್ಲದ ಮನೆಯಲ್ಲಿ ಮಗು ಹುಟ್ಟುವುದು, ಬತ್ತಿದ ಬಾವಿಯಲ್ಲಿ ನೀರು ಬರುವುದು, ಇವೂ ಹಾಗಾದರೆ ಅದ್ಭುತದ ಲೆಕ್ಕಕ್ಕೆ ಬಂದವು. ಅವನು ಅದ್ಭುತವನ್ನು ದಿವ್ಯ, ಆನಂದಜ ಎಂದು ಎರಡಾಗಿ ಮಾಡಿದ್ದಕ್ಕೂ ಇದಕ್ಕೂ ಸಂಬಂಧವಿದೆ. ಮೊದಲನೆಯದು ದೇವಲೋಕದಿಂದ ಇಳಿದು ಬರುತ್ತದೆ, ಎರಡನೆಯದು ಸಂತೋಷದಿಂದಲೇ ಹುಟ್ಟುತ್ತದೆ.

ಇದರ ಲಕ್ಷಣಗಳು ಮೈಮೇಲೆ ಕಾಣುವಂಥವು: ಕಣ್ಣರಳುವುದು, ರೆಪ್ಪೆ ಬಡಿಯದೆ ನೋಡುವುದು, ರೋಮಾಂಚ, ಕಣ್ಣೀರು, ‘ಭಲೆ’ ಎಂದು ಉದ್ಗರಿಸುವುದು, ಕೈಯಲ್ಲಿದ್ದುದನ್ನು ದಾನ ಕೊಡುವುದು, ಬಟ್ಟೆಯ ಸೆರಗನ್ನೋ ಬೆರಳನ್ನೋ ಗಾಳಿಯಲ್ಲಿ ತಿರುಗಿಸುವುದು. ಮೆಚ್ಚಿದ ಪ್ರೇಕ್ಷಕ ಶಾಲು ಬೀಸುವುದನ್ನು ಈಗಲೂ ನೋಡುತ್ತೇವೆ.

ತುಂಬಾ ದೊಡ್ಡದಾಗಿದ್ದರೆ, ಬೇರೆಲ್ಲೂ ಇಲ್ಲದ್ದಾಗಿದ್ದರೆ ಸಾಕಲ್ಲವೇ? ಗೊಮ್ಮಟನನ್ನೇ ನೋಡಿ.

ಗೊಮ್ಮಟನನ್ನೇ ನೋಡೋಣ. ಸುಮಾರು 58 ಅಡಿಯ ಏಕಶಿಲಾ ಮೂರ್ತಿ, 10ನೆಯ ಶತಮಾನದ ಕೊನೆಯ ಭಾಗದಲ್ಲಿ ಗಂಗರ ಮಂತ್ರಿ ಚಾವುಂಡರಾಯ ಮಾಡಿಸಿದ್ದು. ಬರಿಯ ಗಾತ್ರದಿಂದಲೇ ಅದು ಅದ್ಭುತವಾಯಿತೇ ಎಂಬ ಪ್ರಶ್ನೆಗೆ ಶ್ರವಣಬೆಳಗೊಳದ ದೊಡ್ಡಬೆಟ್ಟದ ಮೇಲೆಯೇ, ಕಲ್ಲಿನಲ್ಲೇ, ಉತ್ತರವಿದೆ. ಅದು 12ನೆಯ ಶತಮಾನದ ಕವಿ ಬೊಪ್ಪಣನ ಶಾಸನ. ‘ಅತಿತುಂಗಾಕೃತಿಯಾದೊಡಾಗದದರೊಳ್ ಸೌಂದರ್ಯಂ’ ಎಂದು ಅವನ ಪದ್ಯ ಶುರುವಾಗುತ್ತದೆ. ಆಕಾರ ಅತಿ ಎತ್ತರವಾದರೆ ಅದರಲ್ಲಿ ಸೌಂದರ್ಯ ಬರುವುದಿಲ್ಲ. ಎತ್ತರವೂ ಸೌಂದರ್ಯವೂ ಎರಡೂ ಕೂಡಿದವು ಎಂದುಕೊಂಡರೂ ಅತಿಶಯ ಬರುವುದಿಲ್ಲ. ಈ ಮೂರೂ ಇಲ್ಲಿ ಒಟ್ಟಿಗೆ ನಿಂತಿವೆ, ಆದ್ದರಿಂದ ಈ ರೂಪಕ್ಕೆ ಇದೇ ಉಪಮೆ ಎನ್ನುತ್ತಾನೆ ಬೊಪ್ಪಣ.

ಇದನ್ನು ನಾನು ಕನ್ನಡದಲ್ಲಿ ಅದ್ಭುತವನ್ನು ಕುರಿತು ಬಂದಿರುವ ಅತ್ಯಂತ ಖಚಿತವಾದ ವಿಮರ್ಶೆ ಎಂದು ಭಾವಿಸುತ್ತೇನೆ. ಸ್ತುತಿಗೆ ತೊಡಗಿದ ಕವಿ ಮೊದಲು ಮಾಡಿದ್ದು ಕಷ್ಟವನ್ನು ಲೆಕ್ಕ ಹಾಕುವ ಕೆಲಸ. ಗಾತ್ರ ಹೆಚ್ಚಿದಂತೆ ಅಂಗಾಂಗಗಳ ಹೊಂದಿಕೆ ಕೆಡುತ್ತದೆ ಎಂಬುದು ಶಿಲ್ಪಿಗಳಿಗೆ ಗೊತ್ತಿರುವ ಸಂಗತಿ. ಆ ಕಷ್ಟವನ್ನು ಅರಿತ ಮೇಲೆಯೇ ಅವನು ‘ಅತಿಶಯ’ ಎಂಬ ಮಾತನ್ನು ಬಳಸುತ್ತಾನೆ. ಮೂರ್ತಿಯ ಕಾಲ ಬಳಿ ಹುತ್ತವಿದೆ, ಕಾಲಿಗೂ ತೋಳಿಗೂ ಬಳ್ಳಿ ಹಬ್ಬಿದೆ. ನಮ್ಮ ಹಿತ್ತಿಲ ಬೇಲಿಯಲ್ಲಿ ಹಬ್ಬುವಂಥ ಬಳ್ಳಿಯೇ ಅದು. ಎಷ್ಟು ಕಾಲ ಅಲುಗದೆ ನಿಂತರೆ ಬಳ್ಳಿ ತೋಳಿನವರೆಗೆ ಹಬ್ಬೀತು ಎಂದು ಯೋಚಿಸಿದರೆ ಬಾಹುಬಲಿಯ ತಪಸ್ಸು ಅಂದಾಜಿಗೆ ಸಿಗುತ್ತದೆ. 58 ಅಡಿಯ ಎತ್ತರ ಹೇಳದ್ದನ್ನು ಆ ಬಳ್ಳಿ ಹೇಳುತ್ತದೆ.

## ಕಲೆ ಮತ್ತು ಕಥೆ

ಯಕ್ಷಗಾನದ ಚೌಕಿಗೆ, ಎಂದರೆ ಬಣ್ಣದ ಮನೆಗೆ, ಹೋಗಿ ವೇಷ ಕಟ್ಟುವುದನ್ನು ನೋಡಿಬಿಟ್ಟರೆ ಆಟದ ಸ್ವಾರಸ್ಯ ಹೋಗುವುದಿಲ್ಲವೇ?

ನನ್ನ ಅನುಭವ ಇದಕ್ಕೆ ತೀರ ವಿರುದ್ಧವಾಗಿದೆ. ಚಿಕ್ಕವನಿದ್ದಾಗ ಒಂದು ಬಯಲಾಟದ ರಾತ್ರಿ ಮಾವನ ಕೈ ಹಿಡಿದು ಚೌಕಿಯೊಳಗೆ ಹೋಗಿದ್ದೆ. ಚಾಪೆಯ ಮೇಲೆ ಸಾಲಾಗಿ ಕುಳಿತ ಕಲಾವಿದರು ತಮ್ಮ ಮುಖಕ್ಕೆ ತಾವೇ ಬಣ್ಣ ಹಚ್ಚಿಕೊಳ್ಳುತ್ತಿದ್ದರು. ಒಂದು ಮೂಲೆಯಲ್ಲಿ ರಾಕ್ಷಸ ಪಾತ್ರದ ಬಣ್ಣದ ವೇಷದವರು ಎಡಗೈಯಲ್ಲಿ ಪುಟ್ಟ ಕನ್ನಡಿ ಹಿಡಿದು ಅಕ್ಕಿಹಿಟ್ಟು, ಸುಣ್ಣ ಕಲಸಿದ ಮಿಶ್ರಣವನ್ನು ಕಡ್ಡಿಯ ತುದಿಯಲ್ಲಿ ತೆಗೆದು ಕೆನ್ನೆಯ ಮೇಲೆ ಚಿಟ್ಟಿ ಇಡುತ್ತಿದ್ದರು. ಒಂದು ಚುಕ್ಕೆ ಇಟ್ಟು, ಅದು ಒಣಗುವವರೆಗೆ ಕಾದು, ಅದರ ಮೇಲೆ ಇನ್ನೊಂದು. ಹೀಗೆ ಮುಳ್ಳಿನಂಥ ಸಾಲುಗಳು ಮೂಗಿನ ಪಕ್ಕದಿಂದ ಹುಬ್ಬಿನವರೆಗೆ ಬೆಳೆದವು. ಚಿಟ್ಟಿ ಬಿರುಕು ಬಿಟ್ಟೀತೆಂದು ಅವರು ಮಾತಾಡುತ್ತಿರಲಿಲ್ಲ. ನೀರು ಬೇಕಾದಾಗ ಬೆರಳಿನಿಂದ ಸನ್ನೆ ಮಾಡಿದರು.

ನಡುರಾತ್ರಿ ದಾಟಿದ ಮೇಲೆ ರಂಗಸ್ಥಳದಲ್ಲಿ ತೆರೆ ಹಿಡಿದರು. ಚೆಂಡೆ ಏರಿತು, ದೀವಟಿಗೆಗೆ ರಾಳದ ಪುಡಿ ಎರಚಿದಾಗ ಬೆಂಕಿ ಭುಗಿಲೆಂದಿತು, ತೆರೆಯ ಮೇಲಂಚಿನಲ್ಲಿ ಮೊದಲು ಕಿರೀಟದ ತುದಿ, ಆಮೇಲೆ ಹತ್ತು ಬೆರಳು ಕಂಡವು. ಸಂಜೆ ಸನ್ನೆ ಮಾಡಿ ನೀರು ಕೇಳಿದ್ದು ಅದೇ ಬೆರಳು ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಮಾವನ ಬೆನ್ನ ಹಿಂದೆ ಅಡಗಿದೆ. ಆ ಮನುಷ್ಯ ಹೇಗೆ ರಾಕ್ಷಸನಾದ ಎಂಬುದನ್ನು ಒಂದೊಂದು ಚುಕ್ಕೆಯಾಗಿ ನೋಡಿದ್ದರಿಂದಲೇ ನನ್ನ ಬೆರಗು ಇಮ್ಮಡಿಯಾಗಿತ್ತು ಎಂದು ಈಗ ಅನ್ನಿಸುತ್ತದೆ.

ಬೇಲೂರಿಗೂ ಇದೇ ಮಾತು ಸಲ್ಲುತ್ತದೆ. 1117ರಲ್ಲಿ ಪ್ರತಿಷ್ಠೆಯಾದ ಚೆನ್ನಕೇಶವ ದೇವಾಲಯದ ಕಲ್ಲು ಬಳಪದ ಜಾತಿಯದು. ಗಣಿಯಿಂದ ಬಂದಾಗ ಮೆತ್ತಗಿದ್ದು, ಗಾಳಿಗೆ ಒಡ್ಡಿಕೊಂಡಂತೆ ಗಟ್ಟಿಯಾಗುತ್ತದೆ. ‘ಹಾಗಾದರೆ ಕೆತ್ತುವುದು ಸುಲಭವಾಗಿತ್ತು’ ಎಂದು ಕೆಲವರು ಹಗುರವಾಗಿ ಹೇಳಿಬಿಡುತ್ತಾರೆ. ಮೆತ್ತನೆಯ ಕಲ್ಲು ಸೂಕ್ಷ್ಮ ಕೆಲಸಕ್ಕೆ ಅವಕಾಶ ಕೊಟ್ಟಿತು, ಸರಿ. ಆ ಅವಕಾಶವನ್ನು ಮದನಿಕೆಯ ಬಳೆಯವರೆಗೆ, ಬೆರಳಿನ ಉಂಗುರದವರೆಗೆ ಒಯ್ದದ್ದು ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮೊದಲಾದವರ ಕೈ. ತಮ್ಮ ಹೆಸರನ್ನೂ ಅವರು ಅಲ್ಲಿ ಕೊರೆದಿಟ್ಟಿದ್ದಾರೆ.

ಪವಾಡಗಳನ್ನೆಲ್ಲ ತೆಗೆದುಹಾಕಿದರೆ ಪುರಾಣದಲ್ಲಿ ಏನು ಉಳಿಯುತ್ತದೆ?

ಜೈನ ರಾಮಾಯಣಗಳ ಪರಂಪರೆ ಈ ಪ್ರಯೋಗವನ್ನು ಎಷ್ಟೋ ಶತಮಾನಗಳ ಹಿಂದೆಯೇ ಮಾಡಿತು. ವಾನರರು ಅಲ್ಲಿ ಕಪಿಗಳಲ್ಲ, ಧ್ವಜದಲ್ಲಿ ಕಪಿಯ ಚಿಹ್ನೆಯುಳ್ಳ ವಿದ್ಯಾಧರ ಕುಲದವರು. ರಾವಣನಿಗೆ ಹುಟ್ಟಿನಿಂದ ಹತ್ತು ತಲೆಯಿಲ್ಲ. ಕೊರಳ ಹಾರದ ರತ್ನಗಳಲ್ಲಿ ಮುಖ ಪ್ರತಿಬಿಂಬಿಸಿ ಹತ್ತಾಗಿ ಕಂಡದ್ದರಿಂದ ಅವನಿಗೆ ದಶಮುಖನೆಂಬ ಹೆಸರು. ಕನ್ನಡದಲ್ಲಿ ನಾಗಚಂದ್ರ ಇದೇ ದಾರಿಯಲ್ಲಿ ನಡೆದ.

ಇದರಿಂದ ಬೆರಗು ಬತ್ತಲಿಲ್ಲ, ನೆಲೆ ಬದಲಿಸಿತು. ನಾಗಚಂದ್ರನನ್ನು ಓದಿದವರಿಗೆ ನೆನಪಿನಲ್ಲಿ ಉಳಿಯುವುದು ರಾವಣನ ಮನಸ್ಸು ತಿರುಗಿದ ಗಳಿಗೆ. ಸೀತೆಯ ನಿಲುವಿನ ಎದುರು ಅವನ ಮೋಹ ಕರಗಿ ಪಶ್ಚಾತ್ತಾಪ ಹುಟ್ಟುತ್ತದೆ. ಹತ್ತು ತಲೆಯ ರಾಕ್ಷಸನನ್ನು ನಂಬುವುದಕ್ಕಿಂತ, ಅಷ್ಟು ದೂರ ಹೋದ ಮನುಷ್ಯನೊಬ್ಬ ಮನಸ್ಸು ಬದಲಿಸಿದ ಎಂದು ನಂಬುವುದಕ್ಕೆ ಹೆಚ್ಚಿನ ಕಲ್ಪನೆ ಬೇಕು. ಹಾಗೆಂದು ವಾಲ್ಮೀಕಿಯ ದಶಕಂಠ ನಮಗೆ ಬೇಡವೆಂದಲ್ಲ. ಎರಡೂ ಕಥೆ ಕೇಳಿ ಬೆಳೆದವರು ನಾವು. ಅದು ಕನ್ನಡಿಗರ ಭಾಗ್ಯ.

ಕಥೆಯಲ್ಲಿ ಏನು ಬೇಕಾದರೂ ಆಗಬಹುದು ಅಂತಾದ ಮೇಲೆ ಬರೆಯುವವರಿಗೆ ಕಷ್ಟವೇನು?

ಏನು ಬೇಕಾದರೂ ಆಗಬಹುದಾದ ಕಥೆಯಲ್ಲಿ ಯಾವುದೂ ಅದ್ಭುತವಾಗುವುದಿಲ್ಲ. ಇದನ್ನು ನಮ್ಮ ಜನಪದ ಕಥೆಗಾರ್ತಿಯರು ಚೆನ್ನಾಗಿ ಬಲ್ಲರು. ಎ. ಕೆ. ರಾಮಾನುಜನ್ ಕರ್ನಾಟಕದಲ್ಲಿ ಸಂಗ್ರಹಿಸಿದ ಕಥೆಯೊಂದರಲ್ಲಿ ಬಡ ಹುಡುಗಿಯೊಬ್ಬಳು ಹೂವಿನ ಮರವಾಗುತ್ತಾಳೆ. ಆದರೆ ಎಷ್ಟು ಕಟ್ಟಳೆಗಳು! ಎರಡು ಕೊಡ ನೀರು ಬೇಕು, ಆ ನೀರಿಗೆ ಉಗುರು ತಾಕಬಾರದು, ಒಂದು ಕೊಡ ಸುರಿದರೆ ಮರವಾಗುವಳು, ಇನ್ನೊಂದನ್ನು ಸುರಿದರೆ ಮರಳಿ ಹುಡುಗಿ, ಹೂ ಕೊಯ್ಯುವವರು ಎಲೆ, ತೊಟ್ಟು ಮುರಿಯಬಾರದು. ಕೇಳುವವರ ಭಯವೆಲ್ಲ ಈ ಕಟ್ಟಳೆಗಳಲ್ಲೇ ಇದೆ. ಹೂವಿಗಾಗಿ ಮುಗಿಬಿದ್ದವರು ಕೊಂಬೆ ಮುರಿದು, ಎರಡನೆಯ ಕೊಡ ಸರಿಯಾಗಿ ಸುರಿಯದೆ ಬಿಟ್ಟುಹೋದಾಗ ಮರವೂ ಅಲ್ಲದ ಹುಡುಗಿಯೂ ಅಲ್ಲದ ಆ ಜೀವವನ್ನು ನೆನೆದು ಎದೆ ಹಿಂಡುತ್ತದೆ.

ಶಿವರಾಮ ಕಾರಂತರ ಮೂಕಜ್ಜಿಯನ್ನು ಗಮನಿಸಿ. ವಸ್ತುವನ್ನು ಮುಟ್ಟಿದರೆ ಅದರ ಹಿಂದಿನ ಕಾಲ ಕಣ್ಣಿಗೆ ಕಟ್ಟುವ ಒಂದೇ ಒಂದು ಶಕ್ತಿಯನ್ನು ಲೇಖಕರು ಅವಳಿಗೆ ಕೊಟ್ಟಿದ್ದಾರೆ. ಉಳಿದಂತೆ ಅವಳು ಊರಿನ ಜಗಲಿಯಲ್ಲಿ ಕುಳಿತ ವಿಧವೆ ಅಜ್ಜಿ, ಮೊಮ್ಮಗನ ಜೊತೆ ನಿಷ್ಠುರವಾಗಿ ಮಾತಾಡುವವಳು. ಬರೆಯುವವರು ಕೇಳಿದಾಗ ನಾನು ಹೇಳುವುದು ಇಷ್ಟೇ: ಒಂದು ಅಸಾಧ್ಯವನ್ನು ಒಪ್ಪಿಸಬೇಕಾದರೆ ಅದರ ಸುತ್ತಲಿನ ಪ್ರತಿಯೊಂದು ಸಾಧ್ಯವನ್ನೂ ಪ್ರಾಮಾಣಿಕವಾಗಿ ಬರೆಯಿರಿ.

## ದಿನದ ಬದುಕು

ನಮ್ಮಂಥ ಸಾಮಾನ್ಯರ ಮನೆಯಲ್ಲಿ ಅದ್ಭುತ ಎಲ್ಲಿಂದ ಬರಬೇಕು?

ನಿಮ್ಮ ಅಡುಗೆಮನೆಯ ಉಪ್ಪಿನಕಾಯಿ ಭರಣಿಯಿಂದ ಬರಬಹುದು. ಬೆಟ್ಟದ ನೆಲ್ಲಿಯ ಕಾಯಿಗೂ ಸಮುದ್ರದೊಳಗಣ ಉಪ್ಪಿಗೂ ಎತ್ತಣಿಂದೆತ್ತ ಸಂಬಂಧ ಎಂದು ಅಲ್ಲಮ ಕೇಳಿದ. ವಚನ ಹೋಗಿ ನಿಲ್ಲುವುದು ಗುಹೇಶ್ವರನಿಗೂ ತನಗೂ ಇರುವ ಸಂಬಂಧದಲ್ಲಿ. ಆದರೆ ಆ ಮಹಾಪ್ರಶ್ನೆಗೆ ಅವನು ಏರಿದ ಮೆಟ್ಟಿಲು ಉಪ್ಪು, ನೆಲ್ಲಿ.

ಅಜ್ಜಿ ನೆಲ್ಲಿಕಾಯಿ ಹಾಕುವ ದಿನ ಮನೆಯಲ್ಲಿ ಒಂದು ಬಗೆಯ ಮಡಿ ಇರುತ್ತಿತ್ತು. ಕಾಯಿ ತೊಳೆದು, ಬಿಳಿ ಪಂಚೆಯ ಮೇಲೆ ಹರಡಿ, ಒಂದೊಂದನ್ನೂ ಒರೆಸಿ, ತೇವ ಆರಿದ ಮೇಲೆ ಕಲ್ಲುಪ್ಪಿನ ಒಂದು ಪದರ, ಕಾಯಿಯ ಒಂದು ಪದರವಾಗಿ ಭರಣಿಗೆ ತುಂಬುತ್ತಿದ್ದಳು. ಬಾಯಿಗೆ ಬಟ್ಟೆ ಕಟ್ಟಿ ಅಟ್ಟದ ಕೆಳಗಿಟ್ಟರೆ ನಾಲ್ಕಾರು ದಿನದಲ್ಲಿ ಒಳಗೆ ನೀರು ನಿಂತಿರುತ್ತಿತ್ತು. ಹನಿ ನೀರು ತಾಕದಂತೆ ಅಷ್ಟು ಕಾಳಜಿ ಮಾಡಿದ ಭರಣಿಯಲ್ಲಿ ನೀರು ಬಂದದ್ದು ಎಲ್ಲಿಂದ ಎಂದು ಕೇಳಿದರೆ ‘ಉಪ್ಪು ಕರೆಯಿತು, ಕಾಯಿ ಕೊಟ್ಟಿತು’ ಎನ್ನುತ್ತಿದ್ದಳು. ಶಾಲೆಯಲ್ಲಿ ಅಭಿಸರಣದ ಪಾಠ ಓದಿದಾಗ ಅಜ್ಜಿಯ ಮಾತು ತಪ್ಪೆಂದು ನನಗೆ ಅನ್ನಿಸಲಿಲ್ಲ. ಹಸಿ ನೆಲ್ಲಿಕಾಯಿ ಕಚ್ಚಿ ತಿಂದು ಮೇಲೆ ತಣ್ಣೀರು ಕುಡಿದು ನೋಡಿ. ನೀರು ಸಿಹಿಯಾಗುತ್ತದೆ. ಆ ಸಿಹಿ ಎಷ್ಟು ಸಲ ಕುಡಿದರೂ ನನಗೆ ಹಳತಾಗಿಲ್ಲ.

ದಿನಾ ನೋಡುವುದು ಯಾಕೆ ಅದ್ಭುತ ಅನ್ನಿಸುವುದಿಲ್ಲ?

ರೂಢಿಯಿಂದ. ರೂಢಿ ಬೇಕಾದದ್ದೇ. ಪ್ರತಿದಿನ ಬಾಗಿಲಿನ ಚಿಲಕ ನೋಡಿ ಬೆರಗಾಗುತ್ತ ನಿಂತರೆ ಮನೆಯಿಂದ ಹೊರಡುವುದೇ ಆಗದು. ಆದರೆ ರೂಢಿ ಒಂದು ಮಿತಿ ದಾಟಿದರೆ ನಾವು ವಸ್ತುವನ್ನು ಬಿಟ್ಟು ಅದರ ಹೆಸರನ್ನಷ್ಟೇ ನೋಡುತ್ತಿರುತ್ತೇವೆ. ರಷ್ಯದ ವಿಮರ್ಶಕ ವಿಕ್ಟರ್ ಶ್ಕ್ಲೋವ್ಸ್ಕಿ 1917ರಲ್ಲಿ ಇದನ್ನೇ ವಾದಿಸಿದ: ಪರಿಚಿತವಾದದ್ದನ್ನು ಅಪರಿಚಿತ ಮಾಡಿ, ಕಲ್ಲಿಗೆ ಅದರ ಕಲ್ಲುತನವನ್ನು ಮರಳಿ ಕೊಡುವುದು ಕಲೆಯ ಕೆಲಸ. ಬೇಂದ್ರೆಯವರು ಬೆಳಗನ್ನು ಕುರಿತು ಬರೆದ ಕವನದ ಕೊನೆಗೆ ‘ಇದು ಬರಿ ಬೆಳಗಲ್ಲೋ ಅಣ್ಣಾ’ ಎನ್ನುವಾಗ ಆ ‘ಬರಿ’ ಎಂಬ ಮಾತು ನಮ್ಮ ರೂಢಿಯನ್ನೇ ಮುಟ್ಟಿ ಎಬ್ಬಿಸುತ್ತದೆ. ಪಕ್ಕದಲ್ಲಿ ನಿಂತವನ ಭುಜ ಹಿಡಿದು ಅಲುಗಿಸಿದಂತಿರುವ ‘ಅಣ್ಣಾ’ ಎಂಬ ಆ ಕರೆಯೂ ಅಷ್ಟೇ ಮುಖ್ಯ. ಬೆರಗನ್ನು ಒಬ್ಬರೇ ಇಟ್ಟುಕೊಳ್ಳಲು ಆಗುವುದಿಲ್ಲ.

ವಿಜ್ಞಾನ ಓದಿದವರಿಗೆ ಬೆರಗು ಕಡಿಮೆಯಂತೆ, ಹೌದಾ?

ಪೂರ್ಣಚಂದ್ರ ತೇಜಸ್ವಿಯವರ ಕರ್ವಾಲೋ ಓದಿದವರು ಹೀಗೆ ಕೇಳಲಾರರು. ಅಲ್ಲಿ ವಿಜ್ಞಾನಿಯೂ, ಕೃಷಿಕನೂ, ಕಾಡು ಬಲ್ಲ ಮಂದಣ್ಣನೂ ಸೇರಿ ಹುಡುಕಿ ಹೊರಡುವುದು ಒಂದು ಹಾರುವ ಓತಿಯನ್ನು. ಹಾರುವ ಓತಿ ಕಟ್ಟುಕಥೆಯಲ್ಲ. ಪಶ್ಚಿಮ ಘಟ್ಟದ ಕಾಡುಗಳಲ್ಲಿ, ಅಡಿಕೆ ತೋಟಗಳಲ್ಲಿ ಅದು ಇಂದಿಗೂ ಇದೆ. ಉದ್ದವಾದ ಪಕ್ಕೆಲುಬುಗಳ ನಡುವಿನ ಚರ್ಮವನ್ನು ಕೊಡೆಯಂತೆ ಬಿಚ್ಚಿ ಒಂದು ಮರದಿಂದ ಇನ್ನೊಂದಕ್ಕೆ ತೇಲುತ್ತದೆ. ಮಡಿಸಿಕೊಂಡು ಕುಳಿತರೆ ತೊಗಟೆಯ ಬಣ್ಣದಲ್ಲಿ ಬೆರೆತುಹೋಗುತ್ತದೆ. ಅದಕ್ಕೆ ರೆಕ್ಕೆಯಿಲ್ಲ, ಪಕ್ಕೆಲುಬೇ ರೆಕ್ಕೆಯಾಗಿದೆ ಎಂದು ತಿಳಿದವನ ಬೆರಗು, ‘ಏನೋ ಹಾರಿತು’ ಎಂದಷ್ಟೇ ಕಂಡವನ ಬೆರಗಿಗಿಂತ ಹೆಚ್ಚು ಹೊತ್ತು ಉಳಿಯುತ್ತದೆ.

ಮೊಬೈಲಿನಲ್ಲಿ ದಿನಕ್ಕೆ ನೂರು ಅದ್ಭುತ ದೃಶ್ಯ ನೋಡುತ್ತೇನೆ, ಒಂದೂ ನೆನಪಿರುವುದಿಲ್ಲ. ಯಾಕೆ?

ಚೌಕಿಯಿಲ್ಲದ ಆಟ ಅದು. ಹಿಂದಿನ ಶ್ರಮ ಕಾಣುವುದಿಲ್ಲ, ಮುಂದೆ ಕಾಯುವ ಹೊತ್ತಿಲ್ಲ, ರೆಪ್ಪೆ ಬಡಿಯದೆ ನೋಡುವಷ್ಟರಲ್ಲಿ ಮುಂದಿನದು ಬಂದಿರುತ್ತದೆ. ಒಂದನ್ನೇ ಮೂರು ಸಲ ನೋಡಿ, ಅದರ ಬಗ್ಗೆ ಮನೆಯಲ್ಲಿ ಯಾರಿಗಾದರೂ ಬಾಯಿಮಾತಿನಲ್ಲಿ ವಿವರಿಸಿ. ಅದು ನೆನಪಿನಲ್ಲಿರುತ್ತದೆ.

ಅದ್ಭುತ ಸಾಧಿಸಲು ಹಣ, ಅಧಿಕಾರ ಬೇಕಲ್ಲವೇ? ದೇವಾಲಯ ಕಟ್ಟಿಸಿದವರೆಲ್ಲ ರಾಜರೇ ತಾನೇ?

ಕಟ್ಟಿಸಿದವರು ರಾಜರು, ದಂಡನಾಯಕರು. ಅದನ್ನು ಅಲ್ಲಗಳೆಯಲಾಗದು. ಆದರೆ ಅವರ ಕೀರ್ತಿಯ ಪಕ್ಕದಲ್ಲಿಯೇ ಜನ ಬೇರೊಂದು ಕಥೆಯನ್ನು ನಿಲ್ಲಿಸಿದ್ದಾರೆ. ಚಾವುಂಡರಾಯ ಕೊಡಗಟ್ಟಲೆ ಹಾಲಿನಿಂದ ಗೊಮ್ಮಟನಿಗೆ ಅಭಿಷೇಕ ಮಾಡಿದಾಗ ಹಾಲು ತೊಡೆಯಿಂದ ಕೆಳಗೆ ಇಳಿಯಲಿಲ್ಲವಂತೆ. ಮುದುಕಿಯೊಬ್ಬಳು ಗುಳ್ಳದ ಕಾಯಿಯ ಚಿಪ್ಪಿನಲ್ಲಿ ತಂದ ತುಸು ಹಾಲು ಅಡಿಯಿಂದ ಮುಡಿಯವರೆಗೆ ನೆನೆಸಿ ಬೆಟ್ಟದಿಂದ ಕೆಳಗೆ ಹರಿಯಿತಂತೆ. ಆ ಗುಳ್ಳಕಾಯಜ್ಜಿಯ ಮೂರ್ತಿ ಗೊಮ್ಮಟನ ಎದುರಿಗೇ ಇದೆ. ಹರಿಹರನ ರಗಳೆಯಲ್ಲಿ ಚೋಳರಾಜನ ನೈವೇದ್ಯವನ್ನು ಶಿವ ಒಂದು ದಿನ ಮುಟ್ಟುವುದಿಲ್ಲ. ಮಾದಾರ ಚೆನ್ನಯ್ಯ ಗುಟ್ಟಾಗಿ ಅರ್ಪಿಸಿದ ಅಂಬಲಿ ಉಂಡು ಅವನಿಗೆ ಹೊಟ್ಟೆ ತುಂಬಿರುತ್ತದೆ.

ಇವನ್ನು ಇತಿಹಾಸವೆಂದು ಹೇಳುತ್ತಿಲ್ಲ. ಕೇಳಿದವರು ತಲೆಮಾರುಗಳ ಕಾಲ ಇವನ್ನು ಉಳಿಸಿಕೊಂಡರು ಎಂಬುದು ಮಾತ್ರ ಇತಿಹಾಸ. ಕವಿರಾಜಮಾರ್ಗ 9ನೆಯ ಶತಮಾನದಲ್ಲೇ ಈ ನಾಡಿನ ಜನರನ್ನು ‘ಕುರಿತೋದದೆಯುಂ ಕಾವ್ಯಪ್ರಯೋಗಪರಿಣತಮತಿಗಳ್’ ಎಂದು ಕರೆಯಿತು. ಗುರಿಯಿಟ್ಟು ಓದದವರೂ ಕಾವ್ಯದ ಮರ್ಮ ಬಲ್ಲರು ಎಂಬ ಈ ಮಾತು ರಾಜನ ಆಸ್ಥಾನದಲ್ಲಿ ಹುಟ್ಟಿದ ಗ್ರಂಥದಲ್ಲಿದೆ ಎಂಬುದನ್ನು ನೆನೆದಾಗ ನನಗೆ ಹೆಮ್ಮೆಯಾಗುತ್ತದೆ.

## ಇನ್ನಷ್ಟು ಆಳಕ್ಕೆ

ಕಾವ್ಯ ಲೋಕವನ್ನು ಮೀರಬೇಕು ಅಂತಲೂ, ಮೀರಬಾರದು ಅಂತಲೂ ಶಾಸ್ತ್ರದಲ್ಲೇ ಇದೆಯಲ್ಲ?

ಇದೆ, ಅದೂ ಒಬ್ಬನೇ ಶಾಸ್ತ್ರಕಾರನಲ್ಲಿ. ದಂಡಿ ‘ಕಾಂತಿ’ ಎಂಬ ಗುಣವನ್ನು ವಿವರಿಸುವಾಗ ಲೌಕಿಕವಾದ ಅರ್ಥವನ್ನು ಮೀರದಿರುವುದರಿಂದಲೇ ಅದು ಲೋಕಕ್ಕೆಲ್ಲ ಪ್ರಿಯವಾಗುತ್ತದೆ ಎನ್ನುತ್ತಾನೆ. ಅಲಂಕಾರಗಳ ಬಳಿಗೆ ಬಂದಾಗ ಲೋಕದ ಮೇರೆ ಮೀರುವ ಅತಿಶಯೋಕ್ತಿಯನ್ನು ಅಲಂಕಾರಗಳಲ್ಲೇ ಉತ್ತಮವೆಂದು ಹೊಗಳುತ್ತಾನೆ. ಇದನ್ನು ವಿರೋಧವೆಂದು ನಾನು ತಿಳಿಯುವುದಿಲ್ಲ. ಮೇರೆ ಎಲ್ಲಿದೆ ಎಂದು ಬಲ್ಲ ಕವಿ ಬೇಕೆಂದಾಗ ದಾಟುತ್ತಾನೆ, ಅರಿಯದವನು ದಾಟಿದ್ದು ತನಗೇ ತಿಳಿಯದೆ ಅತ್ಯುಕ್ತಿಗೆ ಬೀಳುತ್ತಾನೆ.

ಕಾಶ್ಮೀರದ ಕುಂತಕ ಇದನ್ನು ಬಗೆಹರಿಸಿದ ರೀತಿ ನನಗೆ ಬಹಳ ಪ್ರಿಯ. ಲೋಕೋತ್ತರವಾದ ಚಮತ್ಕಾರವೇ ಕಾವ್ಯದ ಗುರಿ ಎಂದವನು ಅವನು. ಆದರೂ ಕವಿ ಇಲ್ಲದ ವಸ್ತುಗಳನ್ನು ಸೃಷ್ಟಿಸುವುದಿಲ್ಲ ಎಂದು ಸ್ಪಷ್ಟವಾಗಿ ಬರೆಯುತ್ತಾನೆ. ಸುಮ್ಮನೆ ಇದ್ದೇವೆ ಎಂಬಷ್ಟಕ್ಕೇ ತೋರುತ್ತಿರುವ ವಸ್ತುಗಳಿಗೆ ಕವಿ ಒಂದು ಅತಿಶಯವನ್ನು ಇಡುತ್ತಾನೆ, ಅದರಿಂದ ಅವು ಸಹೃದಯರ ಮನಸ್ಸನ್ನು ಸೆಳೆಯುವ ಚೆಲುವನ್ನು ಪಡೆಯುತ್ತವೆ. ಲೋಕೋತ್ತರ ಎಂದರೆ ಲೋಕದ ಆಚೆಗಿನದಲ್ಲ, ಇದೇ ಲೋಕ ಒಂದು ಪಟ್ಟು ಮೇಲೆದ್ದು ನಿಂತದ್ದು.

ಎಲ್ಲ ರಸಗಳೂ ಕೊನೆಗೆ ಅದ್ಭುತವೇ ಎಂಬ ಮತವಿದೆಯಂತೆ. ನೀವು ಒಪ್ಪುತ್ತೀರಾ?

ಅರ್ಧ ಒಪ್ಪುತ್ತೇನೆ. 14ನೆಯ ಶತಮಾನದ ಅಲಂಕಾರಶಾಸ್ತ್ರಕಾರ ವಿಶ್ವನಾಥ ತನ್ನ ಪೂರ್ವಜನಾದ ನಾರಾಯಣನದೆಂದು ಈ ಮತವನ್ನು ಹೇಳುತ್ತಾನೆ. ರಸದ ಸಾರ ಚಮತ್ಕಾರ, ಚಮತ್ಕಾರದ ಸಾರ ವಿಸ್ಮಯ, ಆದ್ದರಿಂದ ಎಲ್ಲೆಡೆಯೂ ಅದ್ಭುತವೇ ರಸ ಎಂಬುದು ವಾದ. ದುಃಖದ ಕಥೆ ಓದಿಯೂ ನಾವು ಸುಖಪಡುತ್ತೇವಲ್ಲ, ಆ ಮನಸ್ಸಿನ ಅರಳುವಿಕೆಯನ್ನು ಈ ಮತ ಚೆನ್ನಾಗಿ ಹಿಡಿದಿದೆ. ಆದರೆ ನೂರು ಮಕ್ಕಳನ್ನು ಕಳೆದುಕೊಂಡ ಗಾಂಧಾರಿಯ ಎದುರು ನಮಗಾಗುವುದನ್ನೂ, ವಿಶ್ವರೂಪದ ಎದುರು ಆಗುವುದನ್ನೂ ಒಂದೇ ಹೆಸರಿನಿಂದ ಕರೆದರೆ ಕರುಣದ ತೇವ ಆರಿಹೋಗುತ್ತದೆ. ಭರತ 8 ಹೆಸರುಗಳನ್ನು ಇಟ್ಟದ್ದು ಸುಮ್ಮನೆ ಅಲ್ಲ.

ಪಾಶ್ಚಾತ್ಯರು ಹೇಳುವ ‘ಭವ್ಯ’ವೂ (ಸಬ್ಲೈಮ್) ನಮ್ಮ ಅದ್ಭುತವೂ ಒಂದೇ ಏನು?

ಹತ್ತಿರದವು, ಒಂದೇ ಅಲ್ಲ. ಎಡ್ಮಂಡ್ ಬರ್ಕ್ 1757ರಲ್ಲಿ ಭವ್ಯದ ಬೇರನ್ನು ಭಯದಲ್ಲಿ ಕಂಡ. ಸುರಕ್ಷಿತವಾದ ದೂರದಲ್ಲಿ ನಿಂತು ನೋಡುವ ಭೀಕರತೆ, ಅಪಾರತೆ, ಕತ್ತಲೆ ಅವನ ಉದಾಹರಣೆಗಳು. ಭರತನ ವ್ಯವಸ್ಥೆಯಲ್ಲಿ ಭಯಾನಕ ಬೇರೆ ರಸ, ಅದು ಬೀಭತ್ಸದಿಂದ ಹುಟ್ಟುತ್ತದೆ. ಅದ್ಭುತ ಹುಟ್ಟುವುದು ವೀರದಿಂದ. ಹಾಗಾಗಿ ಭವ್ಯದ ಎದುರು ಮನುಷ್ಯ ಕುಗ್ಗುತ್ತಾನೆ, ಅದ್ಭುತದ ಎದುರು ಅವನ ಕಣ್ಣು ಅರಳುತ್ತದೆ. ಸಾಧಿಸಿದವನೊಬ್ಬನನ್ನು ಕಂಡು ‘ಭಲೆ’ ಎನ್ನುವ ಸಂತೋಷ ನಮ್ಮ ಕಲ್ಪನೆಯ ಒಳಗೇ ಇದೆ.

ನಾಟಕದ ಕೊನೆಯಲ್ಲಿ ಅದ್ಭುತ ಇರಲೇಬೇಕು ಎಂದು ಭರತ ಹೇಳಿದ್ದೇಕೆ?

ನಾನಾ ರಸಗಳಿಂದ ಕೂಡಿದ ಕೃತಿಗಳ ನಿರ್ವಹಣದಲ್ಲಿ, ಎಂದರೆ ಎಲ್ಲ ಎಳೆಗಳೂ ಬಂದು ಸೇರುವ ಕೊನೆಯ ಸಂಧಿಯಲ್ಲಿ, ಬಲ್ಲವರು ಅದ್ಭುತವನ್ನು ತರಬೇಕು ಎಂಬುದು ಅವನ ಮಾತು. ದೇವರು ಇಳಿದು ಬಂದು ಸಮಸ್ಯೆ ಪರಿಹರಿಸಲಿ ಎಂದು ಇದನ್ನು ಓದುವವರಿದ್ದಾರೆ. ನನಗೆ ಹಾಗೆ ತೋರುವುದಿಲ್ಲ. ಮೊದಲ ಅಂಕದಲ್ಲಿ ಬಿತ್ತಿದ ಬೀಜ ಕೊನೆಯಲ್ಲಿ ಹಣ್ಣಾಗಿ ಕಂಡಾಗ, ಕಳೆದ ಉಂಗುರ ಮೀನಿನ ಹೊಟ್ಟೆಯಲ್ಲಿ ಸಿಕ್ಕಿದ್ದರ ಫಲವಾಗಿ ದುಷ್ಯಂತ ತನ್ನ ಮಗನನ್ನೇ ಗುರುತಿಸದೆ ಎತ್ತಿಕೊಳ್ಳಲು ಕೈ ಚಾಚಿದಾಗ, ‘ಅಯ್ಯೋ, ಇದೆಲ್ಲ ಆಗಲೇ ಇತ್ತಲ್ಲ’ ಎಂದು ಪ್ರೇಕ್ಷಕನಿಗೆ ಹೊಳೆಯುತ್ತದೆ. ಆ ಹೊಳಹು ಅದ್ಭುತ. ಹೊರಗಿನಿಂದ ಹೊಸದಾಗಿ ಏನನ್ನೂ ತರದೆ ಹುಟ್ಟಿಸಿದ್ದೇ ಅದರ ಹಿರಿಮೆ.

ಎಲ್ಲರ ಕಣ್ಣೆದುರೇ ನಡೆದದ್ದು ಒಬ್ಬರಿಗೆ ಮಾತ್ರ ಅದ್ಭುತವಾಗಿ ಕಾಣುವುದು ಹೇಗೆ?

ಪಂಪನ ಆದಿಪುರಾಣದಲ್ಲಿ ನೀಲಾಂಜನೆಯ ನೃತ್ಯವಿದೆ. ಮುಂದೆ ಜೈನರ ಮೊದಲ ತೀರ್ಥಂಕರನಾಗುವ ಆದಿದೇವನ ಸಭೆಯಲ್ಲಿ ಕುಣಿಯುತ್ತಿರುವಾಗಲೇ ಆ ದೇವನರ್ತಕಿಯ ಆಯುಸ್ಸು ತೀರಿ ಅವಳು ಮಿಂಚಿನಂತೆ ಮರೆಯಾಗುತ್ತಾಳೆ. ರಸಭಂಗವಾಗಬಾರದೆಂದು ಇಂದ್ರ ಅದೇ ಕ್ಷಣದಲ್ಲಿ ಅದೇ ರೂಪದ ಇನ್ನೊಬ್ಬಳನ್ನು ಅಲ್ಲಿ ನಿಲ್ಲಿಸುತ್ತಾನೆ. ಹೆಜ್ಜೆ ತಪ್ಪುವುದಿಲ್ಲ, ತಾಳ ಮುರಿಯುವುದಿಲ್ಲ. ಸಭೆ ಮೆಚ್ಚಿ ನೋಡುತ್ತಲೇ ಇರುತ್ತದೆ.

ಇಲ್ಲಿ ಅದ್ಭುತಗಳು ಎರಡು. ಇಂದ್ರನ ಮಾಯೆ ಒಂದು. ಅದು ಇಂದ್ರಜಾಲದ ಜಾತಿಯದು, ಮುಚ್ಚುವುದೇ ಅದರ ಕೆಲಸ. ಆ ಮುಚ್ಚುವಿಕೆಯನ್ನು ಭೇದಿಸಿದ ಆದಿದೇವನ ನೋಟ ಇನ್ನೊಂದು. ನೃತ್ಯವನ್ನು ಅಷ್ಟು ತನ್ಮಯನಾಗಿ, ಅಷ್ಟು ರಸಿಕನಾಗಿ ನೋಡುತ್ತಿದ್ದುದರಿಂದಲೇ ಅವನಿಗೆ ಆ ಕೂದಲೆಳೆಯ ಬಿರುಕು ಕಂಡಿತು. ವಿರಕ್ತನಾಗಿ ಮುಖ ತಿರುಗಿಸಿ ಕುಳಿತಿದ್ದರೆ ಕಾಣುತ್ತಿರಲಿಲ್ಲ. ಚೆಲುವಾದ ಆ ಸ್ತ್ರೀರೂಪ ನೋಡನೋಡುತ್ತಲೇ ಕರಗಿಹೋದದ್ದನ್ನು ಕಂಡು ಅವನ ಮನಸ್ಸು ರಾಜ್ಯದಿಂದ ತಿರುಗಿತು. ಎರಡನೆಯ ನೀಲಾಂಜನೆ ಮಾತ್ರ ಕುಣಿತ ನಿಲ್ಲಿಸಿರಲಿಲ್ಲ.